ನರಸಾಪುರದ ದುಡ್ಡು, ಕೋಲಾರದ ಸಿನಿಮಾ

2025ರ ಮಾರ್ಚ್‌ನ ರಾಜ್ಯ ಬಜೆಟ್ ಕನ್ನಡ ಚಿತ್ರರಂಗಕ್ಕೆ ದೊಡ್ಡ ಭರವಸೆಗಳನ್ನೇ ಕೊಟ್ಟಿತು. ಮೈಸೂರಿನ 150 ಎಕರೆಯಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ, 500 ಕೋಟಿ ರೂಪಾಯಿಯ ಚಿತ್ರನಗರಿ, ಸರ್ಕಾರದ್ದೇ ಒಟಿಟಿ, ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ, ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ. ಟಿಕೆಟ್ ದರದ ವಿಷಯ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆಯೂ ಆಯಿತು, ಜಗಳವೆಲ್ಲ ಅದರ ಸುತ್ತಲೇ ನಡೆಯಿತು. ಶ್ರೀನಿವಾಸಪುರದಲ್ಲೋ ಮುಳಬಾಗಿಲಿನಲ್ಲೋ ಚಿತ್ರಕಥೆ ಬರೆದಿಟ್ಟುಕೊಂಡು ಕೂತ ಹೊಸಬರಿಗೆ ಮೊದಲ ದುಡ್ಡು ಎಲ್ಲಿಂದ ಬರಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಅದು ಜಿಲ್ಲೆಯೊಳಗಿಂದಲೇ ಬರಬೇಕು ಎನ್ನುವುದು ನನ್ನ ವಾದ. ನರಸಾಪುರ ಕೈಗಾರಿಕಾ ಪ್ರದೇಶದ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಮತ್ತು ಹಾಲು ಉತ್ಪಾದಕರ ಪಾಲು ಸೇರಿಸಿ, ಲಾಭದ ಉದ್ದೇಶವಿಲ್ಲದ ಒಂದು ಚಿತ್ರನಿಧಿಯನ್ನು ಕೋಲಾರ ಕಟ್ಟಿಕೊಳ್ಳಬೇಕು. ಆ ನಿಧಿ ಚಿತ್ರೀಕರಣಕ್ಕೆ ಮುಂಚೆಯೇ ಹಣ ಕೊಡಬೇಕು.

ಮುಂಚೆ ಎನ್ನುವುದಕ್ಕೆ ಕಾರಣವಿದೆ. ಕರ್ನಾಟಕದ ಸಬ್ಸಿಡಿ ಪದ್ಧತಿ ದಶಕಗಳಷ್ಟು ಹಳೆಯದು, ಅದರಿಂದ ಉಪಕಾರವೂ ಆಗಿದೆ. ಆದರೆ ಅದು ಸಿಗುವುದು ಚಿತ್ರ ಮುಗಿದು, ಸೆನ್ಸಾರ್ ಆಗಿ, ಸಮಿತಿಯವರು ನೋಡಿ ಗುಣಮಟ್ಟ ಒಪ್ಪಿದ ಮೇಲೆ. ಸರ್ಕಾರದ ಸಿನಿಮಾ ಕೆಲಸಗಳ ವೇಗ ಎಷ್ಟೆಂದರೆ, 2019ರ ರಾಜ್ಯ ಪ್ರಶಸ್ತಿಗಳು ಪ್ರಕಟವಾದದ್ದು 2025ರ ಜನವರಿಯಲ್ಲಿ. ಹೀಗೆ ಕಾಯಬಲ್ಲವರು ಯಾರು? ಮನೆಯಲ್ಲಿ ದುಡ್ಡಿದ್ದವರು, ಇಲ್ಲವೇ ಫೈನಾನ್ಸಿಯರ್‌ಗೆ ಬಡ್ಡಿ ಕಟ್ಟುವ ತಾಕತ್ತಿದ್ದವರು. ಕೂಲಿಯವರ ಮನೆಯ ಹುಡುಗಿಗೆ, ಎರಡೆಕರೆ ಟೊಮೆಟೊ ಬೆಳೆಯುವವನ ಮಗನಿಗೆ ಈ ಸಹಾಯಧನ ಇದ್ದೂ ಇಲ್ಲದಂತೆ, ಏಕೆಂದರೆ ಅವರ ಚಿತ್ರ ಸಮಿತಿಯ ಮುಂದೆ ಬರುವಷ್ಟು ದೂರ ನಡೆಯುವುದೇ ಇಲ್ಲ.

ಹಾಗಾದರೆ ನಮ್ಮ ಒಳ್ಳೆಯ ಚಿತ್ರಗಳು ಹೇಗಾದವು ಎಂದು ಕೇಳಬಹುದು. ಬಹುಪಾಲು ಒಬ್ಬೊಬ್ಬರ ಜೇಬಿನಿಂದ. ‘ಸಂಸ್ಕಾರ’ದ ಹಿಂದೆ ಪಟ್ಟಾಭಿರಾಮ ರೆಡ್ಡಿ ನಿಂತರು, ‘ಘಟಶ್ರಾದ್ಧ’ದ ಹಿಂದೆ ಸದಾನಂದ ಸುವರ್ಣ. ಇದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಸೌಂದರ್ಯ, ತೆಲುಗಿನಲ್ಲಿ ದೊಡ್ಡ ತಾರೆಯಾಗಿದ್ದಾಗಲೇ ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ನಿರ್ಮಿಸಿದರು, ಅದು 2001ರ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಈಚೆಗೆ ‘ಪೆದ್ರೊ’ ಮತ್ತು ಬೂಸಾನ್‌ನಲ್ಲಿ ಪ್ರಶಸ್ತಿ ಗೆದ್ದ ‘ಶಿವಮ್ಮ ಯರೇಹಂಚಿನಾಳ’ ರಿಷಬ್ ಶೆಟ್ಟಿಯವರ ಸಂಸ್ಥೆಯಿಂದ ಬಂದವು. ಇವರೆಲ್ಲರಿಗೂ ಕನ್ನಡ ಋಣಿ. ಆದರೆ ಸೌಂದರ್ಯ 2004ರಲ್ಲಿ ತೀರಿಕೊಂಡಾಗ ಆ ದಾರಿಯೂ ಅವರೊಂದಿಗೇ ಮುಚ್ಚಿತು. ಒಬ್ಬರ ಔದಾರ್ಯವನ್ನು ನಂಬಿ ಒಂದು ಪ್ರದೇಶದ ಸಿನಿಮಾ ಬೆಳೆಯಲಾರದು.

ಜನರಿಂದ ಹಣ ಎತ್ತುವ ಇನ್ನೊಂದು ದಾರಿಯನ್ನು ಪವನ್ ಕುಮಾರ್ ತೋರಿಸಿದರು. ‘ಲೂಸಿಯಾ’ಕ್ಕೆ 27 ದಿನಗಳಲ್ಲಿ 110 ಜನ ಸೇರಿ 51 ಲಕ್ಷ ರೂಪಾಯಿ ಹಾಕಿದರು, 2013ರಲ್ಲಿ ಚಿತ್ರ ಬಂತು, ಗೆದ್ದಿತು. ಹತ್ತು ವರ್ಷದ ನಂತರ ‘ಡೇರ್‌ಡೆವಿಲ್ ಮುಸ್ತಾಫಾ’ಕ್ಕೆ ಆ ಕಥೆ ಬರೆದ ತೇಜಸ್ವಿಯವರ ಓದುಗರೇ ದುಡ್ಡು ಹೊಂದಿಸಿದರು. ಹೆಮ್ಮೆಪಡಬೇಕಾದ ಪ್ರಯೋಗಗಳು ಇವು. ಆದರೂ ಪವನ್‌ಗೆ ಆಗಲೇ ಗೆದ್ದ ಒಂದು ಚಿತ್ರವಿತ್ತು, ಮುಸ್ತಾಫಾನಿಗೆ ತೇಜಸ್ವಿಯವರ ಹೆಸರಿತ್ತು. ಹೆಸರಿಲ್ಲದವರ ಮೊದಲ ಚಿತ್ರಕ್ಕೆ ಗುರುತಿಲ್ಲದ ನೂರು ಜನ ಕೈಹಾಕುವುದು ಅಪರೂಪ. ಸಾಂಸ್ಥಿಕ ನಿಧಿ ಬೇಕಾಗುವುದು ಇಲ್ಲಿಯೇ.

ಕಾರ್ಖಾನೆಯ ಊರಿಗೂ ಸಿನಿಮಾಕ್ಕೂ ಏನು ಸಂಬಂಧ ಎನ್ನುವವರು ಸ್ವೀಡನ್ನಿನ ಟ್ರೋಲ್‌ಹಾಟನ್ ಕಡೆ ನೋಡಬೇಕು. ಸಾಬ್ ಕಾರಿನ ಕಾರ್ಖಾನೆಯಿದ್ದ ಊರು ಅದು. 1992ರಲ್ಲಿ ಶುರುವಾದ ‘ಫಿಲ್ಮ್ ಇ ವೆಸ್ಟ್’ ಎಂಬ ಪ್ರಾದೇಶಿಕ ಸಂಸ್ಥೆ ಆ ಊರಲ್ಲಿ ನೆಲೆಯೂರಿ, ನಮ್ಮ ಸೀಮೆಯಲ್ಲಿ ಚಿತ್ರೀಕರಿಸಿ, ಇಲ್ಲಿಯವರಿಗೆ ಕೆಲಸ ಕೊಡಿ ಎಂಬ ಕರಾರಿನ ಮೇಲೆ ಸಾರ್ವಜನಿಕ ಹಣವನ್ನು ಚಿತ್ರಗಳಲ್ಲಿ ತೊಡಗಿಸುತ್ತ ಬಂತು. 2011ರಲ್ಲಿ ಸಾಬ್ ದಿವಾಳಿಯಾಯಿತು, ಸಿನಿಮಾ ಉಳಿಯಿತು. ಅಷ್ಟು ದೂರ ಬೇಡವೆಂದರೆ ಗುಜರಾತ್ ಇದೆ. ಅಲ್ಲಿನ ಹಾಲು ಮಾರಾಟ ಒಕ್ಕೂಟದ ಐದು ಲಕ್ಷ ರೈತರು ತಲಾ ಎರಡು ರೂಪಾಯಿ ಕೊಟ್ಟದ್ದರಿಂದ 1976ರಲ್ಲಿ ಶ್ಯಾಮ್ ಬೆನಗಲ್‌ರ ‘ಮಂಥನ್’ ಆಯಿತು. ಹೈನುಗಾರಿಕೆಯೇ ಮನೆ ನಡೆಸುವ ಕೋಲಾರದಲ್ಲಿ, ಊರೂರಿಗೂ ಹಾಲಿನ ಡೇರಿ ಇರುವ ಜಿಲ್ಲೆಯಲ್ಲಿ, ಈ ದಾರಿಯನ್ನು ಯಾರೂ ತುಳಿದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ವಿಷಯ.

ನರಸಾಪುರದ ಲೆಕ್ಕ ಇನ್ನೂ ಸ್ಪಷ್ಟ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ ಶುರುವಾಯಿತು, ಆಮೇಲೆ ವಿಸ್ಟ್ರಾನ್‌ನ ಐಫೋನ್ ಘಟಕ ಬಂತು, 2023ರಲ್ಲಿ ಅದು ಟಾಟಾ ಕೈಗೆ ಹೋಯಿತು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ನೀಡಬೇಕು. ಏಳನೇ ಅನುಸೂಚಿಯಲ್ಲಿ ಕಲೆ, ಸಂಸ್ಕೃತಿಯ ಹೆಸರೂ ಇದೆ. ಅನುಸೂಚಿಯನ್ನು ಉದಾರವಾಗಿ ಅರ್ಥೈಸಿ ಎಂದು ಕೇಂದ್ರ ಸರ್ಕಾರವೇ 2014ರಲ್ಲಿ ಸುತ್ತೋಲೆ ಕಳಿಸಿದೆ. ಈ ಹಣವನ್ನು ಮೂಲಧನವಾಗಿ ಕೂಡಿಡಲು ಈಗಿನ ನಿಯಮ ಬಿಡುವುದಿಲ್ಲ, ವರ್ಷ ವರ್ಷದ ಯೋಜನೆಗಳಿಗೆ ಖರ್ಚಾಗಬೇಕು. ಅದೂ ಒಳ್ಳೆಯದೇ. ಬ್ಯಾಂಕಿನಲ್ಲಿ ಮಲಗುವ ನಿಧಿಗಿಂತ ಪ್ರತಿ ವರ್ಷ ಒಂದೆರಡು ಚಿತ್ರ ಮಾಡಿಸುವ ನಿಧಿ ಮೇಲು.

ಕುಡಿಯುವ ನೀರಿಗೇ ತತ್ವಾರವಿರುವ ಜಿಲ್ಲೆಗೆ ಸಿನಿಮಾ ಯಾಕೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್, ಫ್ಲೋರೈಡ್ ನೀರು ಇಲ್ಲಿನ ದಿನನಿತ್ಯದ ಸತ್ಯ. ಶಾಲೆ, ಆಸ್ಪತ್ರೆಗಳ ಪಾಲನ್ನು ಕಿತ್ತು ಸಿನಿಮಾಕ್ಕೆ ಕೊಡಿ ಎಂದು ನಾನು ಕೇಳುತ್ತಿಲ್ಲ. ನೂರರಲ್ಲಿ ಒಂದೆರಡು ಪಾಲು ಸಾಕು. ನೀರಿನ ಸಂಕಟವನ್ನು ಹೇಳುವವರೂ ಬೇಕಲ್ಲವೇ? 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ, ನರಸಾಪುರದ ಕೆರೆಗಳಿಗೆ ಬಂತು. ಕೆರೆ ತುಂಬಿತೆಂದು ಸಂತೋಷಪಟ್ಟವರೂ ನೊರೆ ಕಂಡು ಹೆದರಿದವರೂ ಒಂದೇ ಊರಿನಲ್ಲಿದ್ದಾರೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದಿನವೂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಕೆಜಿಎಫ್‌ನ ಸಾವಿರಾರು ಜನರಿದ್ದಾರೆ. ಎರಡು ‘ಕೆಜಿಎಫ್’ ಚಿತ್ರಗಳು ಈ ನೆಲದ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವು, ಆದರೆ ಅಲ್ಲಿರುವುದು ನರಾಚಿ ಎಂಬ ಕಾಲ್ಪನಿಕ ಗಣಿ. ಗಣಿಯ ದಲಿತರ ಪೂರ್ವಕಥೆಯನ್ನು 2024ರಲ್ಲಿ ಪಾ. ರಂಜಿತ್ ತಮಿಳಿನಲ್ಲಿ ‘ತಂಗಲಾನ್’ ಮಾಡಿದರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗಣಿಯಲ್ಲಿ ತಮಿಳು ಆಡುವ ಈ ಗಡಿಸೀಮೆಯ ನುಡಿ ತೆರೆಯ ಮೇಲೆ ಬರಬೇಕಾದರೆ ಅದನ್ನು ಆಡುವವರ ಕೈಗೆ ಹಣ ಬರಬೇಕು.

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ. 2020ರ ಡಿಸೆಂಬರ್ 12ರಂದು ಸಂಬಳದ ವಿಷಯಕ್ಕೆ ವಿಸ್ಟ್ರಾನ್ ಘಟಕದಲ್ಲಿ ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಅಲ್ಲಿ ಕಾರ್ಮಿಕ ಕಾನೂನುಗಳ ಉಲ್ಲಂಘನೆ ನಡೆದಿತ್ತು ಎಂದು ಆಮೇಲಿನ ಸರ್ಕಾರಿ ತಪಾಸಣೆಯೇ ಹೇಳಿತು. ಆ ದಿನದ ಕುರಿತು ಯಾರಾದರೂ ಚಿತ್ರ ಮಾಡುತ್ತೇನೆಂದರೆ ನರಸಾಪುರದ ಕಂಪನಿಗಳ ಹಣದಿಂದ ನಡೆಯುವ ನಿಧಿ ಕೊಟ್ಟೀತೇ? ಕಂಪನಿಯೇ ಚಿತ್ರ ಆರಿಸುವುದಾದರೆ ಖಂಡಿತ ಕೊಡುವುದಿಲ್ಲ. ‘ಮಂಥನ್’ ಕೂಡ ಹಳ್ಳಿಯ ಜಾತಿ ಜಗಳವನ್ನು ಮುಚ್ಚಿಡದೆ ತೋರಿಸಿತಾದರೂ, ಕೊನೆಗದು ಹಣ ಕೊಟ್ಟವರ ಚಳವಳಿಯದೇ ಕಥೆಯಾಗಿತ್ತು. ಆದ್ದರಿಂದ ನಿಧಿಯ ಕಟ್ಟಳೆಯಲ್ಲೇ ಬೇಲಿ ಇರಬೇಕು: ಯಾವುದೇ ಒಂದು ಕಂಪನಿಯ ಪಾಲು ಒಟ್ಟು ಹಣದ ಕಾಲು ಭಾಗ ಮೀರಬಾರದು, ಚಿತ್ರಕಥೆಯನ್ನು ದಾನಿ ಓದಬಾರದು, ಆಯ್ಕೆ ಸಮಿತಿಯಲ್ಲಿ ಕಂಪನಿಯ ನೌಕರನಾಗಲಿ ಚುನಾಯಿತ ಪ್ರತಿನಿಧಿಯಾಗಲಿ ಕೂರಬಾರದು. ಹಾಲು ಉತ್ಪಾದಕರ ಎರಡು ರೂಪಾಯಿ ಬೇಕಾಗುವುದು ಮೊತ್ತಕ್ಕಲ್ಲ, ಈ ಸ್ವಾತಂತ್ರ್ಯಕ್ಕೆ. ಕಂಪನಿ ಮುನಿಸಿಕೊಂಡು ಹಿಂದೆ ಸರಿದರೂ ನಿಧಿ ಬದುಕಿರಬೇಕು.

ಅನುಭವವಿಲ್ಲದವರಿಗೆ ಹಣ ಕೊಟ್ಟರೆ ಪೋಲಾಗುತ್ತದೆ ಎನ್ನುವವರಿಗೆ ಕೇರಳದಿಂದ ಪಾಠವಿದೆ. ಅಲ್ಲಿ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳ ನಿರ್ದೇಶಕರಿಗೂ ತಲಾ ಒಂದೂವರೆ ಕೋಟಿಯವರೆಗೆ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ಅಡೂರ್ ಗೋಪಾಲಕೃಷ್ಣನ್ ಇದು ಹೆಚ್ಚಾಯಿತು, 50 ಲಕ್ಷದಂತೆ ಮೂವರಿಗೆ ಹಂಚಿ, ಮೊದಲು ತರಬೇತಿ ಕೊಡಿ ಎಂದರು, ದೊಡ್ಡ ವಿವಾದವಾಯಿತು. ತರಬೇತಿಯ ಮಾತು ಸರಿ; ಅದು ಎಲ್ಲ ಹೊಸಬರಿಗೂ ಬೇಕು. ಆದರೆ ಅನುಮಾನದ ಬೆರಳು ದಲಿತರ, ಹೆಂಗಸರ ಕಡೆಗಷ್ಟೇ ತಿರುಗಿದ್ದು ಅನ್ಯಾಯ. 1972ರಲ್ಲಿ ಅಡೂರರ ಮೊದಲ ಚಿತ್ರ ‘ಸ್ವಯಂವರಂ’ಗೂ ಕೇಂದ್ರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಒಂದೂವರೆ ಲಕ್ಷ ಸಾಲ ಕೊಟ್ಟಿತ್ತು. ಹೊಸಬರನ್ನು ನಂಬಿ ಕೊಟ್ಟ ಆ ಸಾರ್ವಜನಿಕ ಹಣ ದೇಶಕ್ಕೆ ಒಬ್ಬ ದೊಡ್ಡ ನಿರ್ದೇಶಕನನ್ನು ಕೊಟ್ಟಿತು. ಶಿಫಾರಸಿನ ಭಯಕ್ಕೂ ಮದ್ದಿದೆ: ಹಣವನ್ನು ಕಂತಿನಲ್ಲಿ ಕೊಡುವುದು, ಆಯ್ಕೆಯ ಕಾರಣವನ್ನು ಬರೆದು ಪ್ರಕಟಿಸುವುದು, ಮುಗಿದ ಚಿತ್ರವನ್ನು ಮೊದಲು ಜಿಲ್ಲೆಯ ಜನರಿಗೇ ತೋರಿಸುವುದು. ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರ ಹುಣ್ಣಿಮೆ ಹಾಡಿಗೆ ಜನ ಸೇರಿಸಿದ ಜಿಲ್ಲೆಯಲ್ಲಿ ನೋಡುಗರ ಬರವಿಲ್ಲ.

ಚಿತ್ರನಗರಿಯ 500 ಕೋಟಿಯ ನೂರನೇ ಒಂದು ಪಾಲು ಐದು ಕೋಟಿ. ಕೇರಳದ ಲೆಕ್ಕದಲ್ಲಿ ಅದು ಮೂರು ಚಿತ್ರ, ಅಡೂರರ ಲೆಕ್ಕದಲ್ಲಿ ಹತ್ತು. ಅಷ್ಟನ್ನು ಹೊಂದಿಸಲು ಕೋಲಾರ ಮೈಸೂರಿನ ಕಡೆ ನೋಡಬೇಕಿಲ್ಲ. ಜಿಲ್ಲಾ ಉಸ್ತುವಾರಿ ಸಚಿವರು ನರಸಾಪುರದ ಕಂಪನಿಗಳ ಸಿಎಸ್‌ಆರ್ ಮುಖ್ಯಸ್ಥರನ್ನು ಹೊಸ ಆರ್ಥಿಕ ವರ್ಷಕ್ಕೆ ಮುಂಚೆ ಒಂದು ಸಭೆಗೆ ಕರೆಯಲಿ. ಹಾಲು ಒಕ್ಕೂಟದ ಸದಸ್ಯರು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಎತ್ತಲಿ.