ಬಳಪಕ್ಕೆ ದಕ್ಕುವ ಬೊಂಬೆ

ಮಕ್ಕಳು ಮೊಬೈಲಿನ ಆಟದಲ್ಲಿ ಎಷ್ಟು ಹೊತ್ತು ಕಳೆದರೆಂದು ಲೆಕ್ಕವಿಡುವ ಹೆತ್ತವರು ನಮ್ಮಲ್ಲಿ ಬಹಳ ಮಂದಿ. ಆ ಪರದೆಯೊಳಗೆ ಓಡಾಡುವ ಬೊಂಬೆಯನ್ನು ಯಾವ ವಯಸ್ಸಿನ ಮಗುವಿಗಾಗಿ ರೂಪಿಸಲಾಗಿದೆಯೆಂದು ವಿಚಾರಿಸುವವರು ಮಾತ್ರ ವಿರಳ. ಅಂಗಿ ಹೊಲಿಸುವಾಗ ತೋಳಿನ ಅಳತೆ ಕೊಡುವವರೇ ಇಲ್ಲಿ ಅಳತೆಯ ಮಾತೆತ್ತುವುದಿಲ್ಲ.

ಈ ವಿಷಯದಲ್ಲಿ ಜಪಾನಿನ ಒಂದು ಬೊಂಬೆಯನ್ನು ಗಮನಿಸಬೇಕು. ಅದರ ಹೆಸರು ಕರ್ಬಿ. ನಿಂಟೆಂಡೊ ಸಂಸ್ಥೆಯ ಗೇಮ್ ಬಾಯ್ ಎಂಬ ಕೈಯಂತ್ರಕ್ಕಾಗಿ ಹಾಲ್ ಲ್ಯಾಬೊರೇಟರಿಯವರು 1992ರಲ್ಲಿ ಇದರ ಮೊದಲ ಆಟವನ್ನು ಹೊರತಂದರು. ರೂಪಿಸಿದವರು ಮಸಾಹಿರೊ ಸಕುರಾಯಿ, ಆಗ ಇಪ್ಪತ್ತರ ಆಸುಪಾಸಿನ ತರುಣ. ಇಂತಹ ಆಟವನ್ನು ಮೊದಲ ಬಾರಿ ಆಡುವವರೂ ಕೊನೆಯವರೆಗೆ ಆಡಬಲ್ಲಂತಿರಬೇಕು ಎಂಬುದು ಅವರ ಗುರಿ. ಆಟ ಸಿದ್ಧವಾಗುವ ತನಕ ಬದಲಿಗೆಂದು ಒಂದು ಉರುಟು ಚೆಂಡನ್ನು ಪರದೆಯ ಮೇಲೆ ಇರಿಸಿಕೊಂಡಿದ್ದರು. ನೋಡುತ್ತ ನೋಡುತ್ತ ಅದೇ ಪ್ರಿಯವಾಗಿ, ಕೊನೆಗೆ ನಾಯಕಪಟ್ಟ ಅದಕ್ಕೇ ದೊರೆಯಿತು.

ಆ ಯಂತ್ರದ ಪರದೆಯಲ್ಲಿದ್ದುದು ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕಿಗಳು. ಬಣ್ಣದ ಛಾಯೆಗಳು ನಾಲ್ಕೇ. ಅಷ್ಟು ಬಡ ಪರದೆಯಲ್ಲಿ ಕಣ್ಣಿಗೆ ಥಟ್ಟನೆ ಹೊಳೆಯುವುದು ಹೊರರೇಖೆ. ನಮ್ಮ ಯಕ್ಷಗಾನದ ಮಾತೂ ಇದೇ ಅಲ್ಲವೇ? ಅರ್ಥ ತಿಳಿಯದ ಎಳೆಯರೂ ಬಣ್ಣದ ವೇಷದ ಕಿರೀಟವನ್ನು ದೂರದಿಂದಲೇ ಗುರುತಿಸಿ ತಾಯಿಯ ಸೆರಗು ಹಿಡಿಯುತ್ತಾರೆ. ದೊಡ್ಡ ತಲೆ, ದೊಡ್ಡ ಕಣ್ಣು, ದುಂಡು ಕೆನ್ನೆಗಳು ನೋಡುವವರಲ್ಲಿ ವಾತ್ಸಲ್ಯ ಮೂಡಿಸುತ್ತವೆಂದು ಕೊನ್ರಾಡ್ ಲೊರೆಂಟ್ಸ್ 1943ರಲ್ಲೇ ಬರೆದಿದ್ದರು.

ಆದರೆ ಮುಖಲಕ್ಷಣಕ್ಕಿಂತ ನಮಗೆ ಮುಖ್ಯವಾಗಿ ತೋರುವುದು, ಬೊಂಬೆ ಎಡವಿದಾಗ ಏನಾಗುತ್ತದೆ ಎಂಬುದು. 1985ರ ಸೂಪರ್ ಮಾರಿಯೊ ಆಟದಲ್ಲಿ ನೆಗೆತ ತಪ್ಪಿ ಹೊಂಡಕ್ಕೆ ಬಿದ್ದರೆ ಒಂದು ಪ್ರಾಣ ಹೋಯಿತು. ಆರು ವರ್ಷದ ಬೆರಳಿಗೆ ಆ ಕ್ಷಣದ ನಿಖರತೆ ಎಲ್ಲಿಂದ ಬರಬೇಕು! ಕರ್ಬಿಯಾದರೋ ಗಾಳಿಯನ್ನು ಹೀರಿ ಉಬ್ಬಿ ತೇಲುತ್ತದೆ. ಹೊಂಡವನ್ನು ಹಾರಿಕೊಂಡೇ ದಾಟಬಹುದು. ವೈರಿ ತಗುಲಿದರೆ ಆರು ಅಂಶಗಳ ಶಕ್ತಿಯಲ್ಲಿ ಒಂದಿಷ್ಟು ಕುಂದುತ್ತದೆ, ಅಷ್ಟೆ. ಹಾಗೆಂದು ದೊಡ್ಡವರನ್ನು ಮರೆತಿಲ್ಲ; ಆಟ ಮುಗಿಸಿದವರಿಗೆ ಅದನ್ನೇ ಕಠಿಣವಾಗಿ ಆಡುವ ಗುಟ್ಟನ್ನು ಕೊನೆಯಲ್ಲಿ ತಿಳಿಸುತ್ತದೆ. ಒಂದೇ ಲೆಕ್ಕವನ್ನು ಎರಡು ತರಗತಿಗಳಿಗೆ ಹಂಚುವ ಏಕೋಪಾಧ್ಯಾಯ ಶಾಲೆಯ ಜಾಣ್ಮೆ ಇದು!

ವಯಸ್ಸು ಏರಿದಂತೆ ಬೇಡಿಕೆಯೂ ಬದಲಾಗುತ್ತದೆ. ಗೋಲಿಯಾಡುವ ಸ್ವಿಟ್ಜರ್ಲೆಂಡಿನ ಮಕ್ಕಳನ್ನು ಕುರಿತು ಪಿಯಾಜೆ 1932ರಲ್ಲಿ ಬರೆದುದು ಶಿಕ್ಷಕ ತರಬೇತಿ ಪಡೆದವರಿಗೆ ಅಪರಿಚಿತವಲ್ಲ: ಏಳರೊಳಗಿನವರು ಜೊತೆಗೆ ಕುಳಿತೂ ತಮ್ಮ ತಮ್ಮ ಪಾಡಿಗೆ ಆಡುವರು; ಹತ್ತು ದಾಟಿದವರು ನಿಯಮದ ಒಂದೊಂದು ಅಕ್ಷರಕ್ಕೂ ಜಗಳವಾಡುವರು. ಹತ್ತು ದಾಟಿದ ಹುಡುಗನ ಮುಂದೆ ಉರುಟು ಚೆಂಡನ್ನಿಟ್ಟರೆ 'ಇದು ಪಾಪುವಿನದು' ಎಂದು ಮುಖ ತಿರುವಿಯಾನು.

1993ರ ಎರಡನೆಯ ಆಟದ ಆರಂಭದಲ್ಲಿ ಕರ್ಬಿಯನ್ನು ಬರೆಯುವ ಬಗೆಯನ್ನೇ ತೋರಿಸಿದ್ದಾರೆ: ಒಂದು ವೃತ್ತ, ಎರಡು ಕಣ್ಣು, ಒಂದು ಬಾಯಿ. ಒಂದನೆಯ ತರಗತಿಯ ಬಳಪಕ್ಕೆ ದಕ್ಕುವ ನಾಯಕ! ಆಟ ಮುಗಿದ ಮೇಲೂ ಆ ಬೊಂಬೆ ಮಗುವಿನ ಕೈಯಲ್ಲಿ ಉಳಿಯುತ್ತದೆ.

ಕರ್ಬಿ ಮಾತನಾಡುವುದಿಲ್ಲವೆಂದೇ ಹೇಳಬೇಕು. ಆದುದರಿಂದ ಅಕ್ಷರ ಬಾರದವರಿಗೂ ಅದು ಸಲ್ಲುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬೆಳೆಯುವ ಕಾಸರಗೋಡಿನ ಕೂಸಿಗೆ ಈ ಮೌನವು ಅನುಕೂಲವೂ ಹೌದು, ಕೊರತೆಯೂ ಹೌದು. ತನ್ನ ಪ್ರೀತಿಯ ಬೊಂಬೆಯ ಬಾಯಿಂದ 'ಬಾ, ಏಳು, ಮತ್ತೊಮ್ಮೆ ನೋಡುವಾ' ಎಂಬ ನಮ್ಮ ಸೀಮೆಯ ಕನ್ನಡವನ್ನು ಕೇಳುವ ಭಾಗ್ಯ ನಮ್ಮ ಮಕ್ಕಳಿಗೂ ಬೇಡವೇ?

ಕಂಪ್ಯೂಟರ್ ಕಲಿತ ತರುಣರು ನಮ್ಮ ಊರುಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಅವರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ, ಬರೆದ ಬೊಂಬೆಯನ್ನು ಮೊದಲು ಒಂದನೆಯ ತರಗತಿಯ ಮಗುವಿನ ಕೈಗೆ ಕೊಟ್ಟು, ಏನನ್ನೂ ವಿವರಿಸದೆ ಪಕ್ಕದಲ್ಲಿ ಕುಳಿತಿರಲಿ. ಮಗು ಯಾವ ಜಾಗದಲ್ಲಿ ಮೊಬೈಲನ್ನು ಅಕ್ಕನಿಗೆ ದಾಟಿಸುತ್ತದೆಯೋ, ಆ ಜಾಗವನ್ನು ಗುರುತು ಹಾಕಿಕೊಂಡು ಅಲ್ಲಿಂದ ತಿದ್ದಲಿ.