ಮೊದ್ಲು ಸ್ಟ್ಯಾಂಡ್, ಆಮೇಲೆ ಟ್ಯಾಂಕ್

ನಮ್ಮ ಅಬ್ಬಿಗೆರೆ ಕಡೆ ಈಗ ಮನೆ ಕಟ್ಟಿದೋರಿಗೆಲ್ಲ ಹಾಲಲ್ಲಿ ದೊಡ್ಡ ಫಿಶ್ ಟ್ಯಾಂಕ್ ಇರ್ಬೇಕು ಅಂತ ಆಸೆ. ಇರ್ಲಿ, ಬೇಡ ಅನ್ನೋದಿಲ್ಲ. ಮೀನು ಓಡಾಡೋದನ್ನ ನೋಡ್ತಾ ಕೂತ್ರೆ ನನಗೂ ಹೊತ್ತು ಹೋಗೋದೇ ಗೊತ್ತಾಗಲ್ಲ. ಆದ್ರೆ ನಾಲ್ಕಡಿ ಟ್ಯಾಂಕ್ ತಂದು ಟಿ.ವಿ. ಯೂನಿಟ್ ಮೇಲೋ ಶೋಕೇಸ್ ಮೇಲೋ ಇಟ್ಟು, ಸೊಳ್ಳೆ ಬರುತ್ತೆ ಅಂತ ಕಿಟಕಿ ಮುಚ್ಚಿ, "ಏನೂ ಆಗಲ್ಲ ಬಿಡು" ಅಂತಾರಲ್ಲ, ಅವರ ಜೊತೆ ನನ್ನ ಜಗಳ ಇದೆ. ಅದನ್ನ ಇವತ್ತು ಬಿಡಿಸಿ ಹೇಳ್ಬಿಡ್ತೀನಿ, ಅಕ್ಕತಂಗೀರೇ.

ಮೊದ್ಲು ತೂಕದ ಲೆಕ್ಕ ಹಾಕೋಣ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಅಂದ್ರೆ 9 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಮೇಲೆ ಸ್ವಲ್ಪ ಜಾಗ ಬಿಟ್ರೂ 240 ಲೀಟರ್ ನೀರು, ಅಂದ್ರೆ 240 ಕೆಜಿ. ಗಾಜು, ಕಲ್ಲು, ಮರಳು ಸೇರಿ ಇನ್ನೊಂದು 80, 90 ಕೆಜಿ. ಒಟ್ಟು 330 ಕೆಜಿ ಹತ್ರ ಹತ್ರ. ತುಂಬಿದ ಗ್ಯಾಸ್ ಸಿಲಿಂಡರ್ ಒಂದು 30 ಕೆಜಿ ತೂಗುತ್ತೆ. ನಿಮ್ಮ ಶೋಕೇಸ್ ಮೇಲೆ ಹನ್ನೊಂದು ಸಿಲಿಂಡರ್ ಜೋಡಿಸಿ ಅಂದ್ರೆ ಜೋಡಿಸ್ತೀರಾ? ಮಕ್ಕಳು ಅದರ ಪಕ್ಕ ಕೂತು ಹೋಂವರ್ಕ್ ಮಾಡ್ಲಿ ಅಂತೀರಾ? ಗಾಜಿನೊಳಗೆ ನೀರು ತಿಳಿಯಾಗಿ ಕಾಣುತ್ತೆ ಅಂತ ಅದರ ಭಾರ ಕಮ್ಮಿ ಆಗಿಬಿಡುತ್ತಾ?

"ನಮ್ಮನೇಲಿ ಮೂರು ವರ್ಷದಿಂದ ಶೋಕೇಸ್ ಮೇಲೇ ಇದೆ, ಏನಾಗಿದೆ?" ಅಂತ ಕೇಳೋರಿದಾರೆ. ಈಗಿನ ಶೋಕೇಸು, ಟಿ.ವಿ. ಯೂನಿಟ್ಟು ಬಹಳಷ್ಟು ಮರದ ಪುಡಿ ಅಂಟಿಸಿ ಮಾಡಿರೋ ಪಾರ್ಟಿಕಲ್ ಬೋರ್ಡಿನವು. ಮೇಲೆ ಮೈಕಾ ನೋಡೋಕೆ ಚೆಂದ. ನೀರು ಬದಲಾಯಿಸುವಾಗ ಚೆಲ್ಲಿದ ಹನಿ ಅಂಚಿನಿಂದ ಒಳಗಿಳಿದ್ರೆ ಬಿಸ್ಕತ್ತು ಟೀ ಕುಡಿದ ಹಾಗೆ ಉಬ್ಬುತ್ತೆ, ಮತ್ತೆ ಮೊದಲಿನ ಹಾಗೆ ಆಗಲ್ಲ. ಅಲ್ಲಿ ಭಾರ ಹೊತ್ತಿರೋದು ಸಣ್ಣ ಸಣ್ಣ ಸ್ಕ್ರೂಗಳು. ಬೋರ್ಡ್ ಮೆತ್ತಗಾದ್ರೆ ಸ್ಕ್ರೂ ಹಿಡಿತ ಬಿಡುತ್ತೆ. ಒಂದು ಮೂಲೆ ತುಸು ಕುಸಿದ್ರೂ ಸಾಕು, ಗಾಜಿನ ಅಂಟು ಬಿಟ್ಟುಕೊಳ್ಳೋಕೆ. ಮೂರು ವರ್ಷ ನಿಂತಿದೆ ಅನ್ನೋದು ನಾಳೆ ನಿಲ್ಲುತ್ತೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಮೂರು ವರ್ಷದಿಂದ ತೇವ ಕುಡೀತಿದೆ ಅನ್ನೋದಕ್ಕೆ ಸಾಕ್ಷಿ.

ಪಕ್ಕದಲ್ಲೇ ಪೀಣ್ಯ ಇದೆ. ಸುತ್ತಮುತ್ತ ವೆಲ್ಡಿಂಗ್ ಅಂಗಡಿಗಳಿಗೇನು ಬರವಿಲ್ಲ. ಸ್ಟ್ಯಾಂಡ್ ಮಾಡಿಸೋಕೆ ನಮಗೇನು ಅಡ್ಡಿ? ಎರಡಿಂಚಿನ ಎಂ.ಎಸ್. ಸ್ಕ್ವೇರ್ ಪೈಪು, 2 ಮಿಲಿಮೀಟರಿಗೆ ಕಮ್ಮಿ ಇಲ್ಲದ ದಪ್ಪದ್ದು ಕೇಳಿ. ಮೇಲಿನ ಚೌಕಟ್ಟು ಕಾಲುಗಳ ತಲೆ ಮೇಲೇ ಕೂತಿರ್ಬೇಕು, ಪಕ್ಕಕ್ಕೆ ಅಂಟಿಸಿ ನೇತಾಡಿಸಬಾರದು. ಭಾರ ನೇರ ಕೆಳಗಿಳೀಬೇಕು. ನಾಲ್ಕಡಿಗೆ ಮಧ್ಯ ಹಿಂದೊಂದು ಮುಂದೊಂದು ಕಾಲು ಜಾಸ್ತಿ ಕೊಡ್ಸಿ. ಕೆಳಗೂ ಸುತ್ತ ಪೈಪ್ ಇರ್ಲಿ. ಬರೀ ಕಾಲು ಊರಿದ್ರೆ ಒಂದೊಂದು ಕಾಲಿನ ಭಾರ ಒಂದೇ ಕಡೆ ಬಿದ್ದು, ಅಡಿ ಟೊಳ್ಳಿರೋ ಟೈಲ್ಸ್ ಬಿರುಕು ಬಿಡುತ್ತೆ. ರೆಡ್ ಆಕ್ಸೈಡ್ ಎರಡು ಸಲ ಹೊಡೆದು ಆಮೇಲೆ ಪೇಂಟ್. ಪೈಪಿನ ಬಾಯಿ ಮುಚ್ಚಿಸಿ, ಇಲ್ದಿದ್ರೆ ಒಳಗಿಂದ ತುಕ್ಕು ಹಿಡಿಯುತ್ತೆ. ಮೇಲೆ ಹಾಕೋದು 18 ಮಿಲಿಮೀಟರಿನ ಮರೀನ್ ಪ್ಲೈವುಡ್, ಐ.ಎಸ್. 710 ಅಂತ ಮುದ್ರೆ ಇದೆಯಾ ನೋಡಿ, ನಾಲ್ಕೂ ಅಂಚಿಗೆ ಪೇಂಟ್ ಬಳೀರಿ. ಅದರ ಮೇಲೆ ಅರ್ಧ ಇಂಚು ಥರ್ಮೋಕೋಲ್, ಗಾಜಿನ ಅಡಿ ಒಂದು ಮರಳಿನ ಕಾಳು ಕೂಡ ಚುಚ್ಚಬಾರದು. ಮಟ್ಟ ನೋಡದೆ ನೀರು ತುಂಬಿಸ್ಬೇಡಿ. ಗಾರೆಯವರ ಹತ್ರ ಇರೋ ನೀರಿನ ಟ್ಯೂಬಿದ್ರೆ ಸಾಕು. ಅರ್ಧ ತುಂಬಿಸಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮತ್ತೆ ಮಟ್ಟ ನೋಡಿ ಪೂರ್ತಿ ತುಂಬಿಸಿ.

ಇನ್ನು ಜಾಗದ ವಿಷಯ. ಈಶಾನ್ಯ ಮೂಲೆನೇ ಬೇಕು ಅಂತ ಹಟ ಮಾಡೋರಿಗೆ ಒಂದು ಮಾತು. ವಾಸದ ಮನೆ ಕೋಣೆಗಳಿಗೆ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಅಂತ ಲೆಕ್ಕ ಹಿಡಿದು ಮೋಲ್ಡ್ ಹಾಕ್ತಾರೆ. ಐ.ಎಸ್. 875 ಅನ್ನೋ ನಿಯಮದಲ್ಲಿ ಇರೋದು ಅದು. ನಮ್ಮ ಟ್ಯಾಂಕ್ ನಿಲ್ಲೋದು ಅರ್ಧ ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಜಾಗದಲ್ಲಿ, ಅದರ ಮೇಲೆ 330 ಕೆಜಿ. ನೆಲದ ಮೇಲಿನ ಮನೆಗೆ ಇದರ ಚಿಂತೆ ಕಮ್ಮಿ. ಮೊದಲನೇ, ಎರಡನೇ ಮಹಡಿಲಿರೋರು ಕೋಣೆ ನಡುವೆ ಇಡದೆ, ಕೆಳಗೆ ಬೀಮ್ ಇರೋ ಗೋಡೆ ಪಕ್ಕ ಇಡ್ಬೇಕು. ಆರಡಿ ಟ್ಯಾಂಕ್ ಆದ್ರೆ ಇಂಜಿನಿಯರ್ ಕೇಳದೆ ಇಡಲೇಬಾರದು. ಬೀಮ್ ಈಶಾನ್ಯಕ್ಕಿದ್ರೆ ಸಂತೋಷ, ಇಲ್ದಿದ್ರೆ ದೇವರು ಬೇಜಾರು ಮಾಡ್ಕೊಳ್ಳಲ್ಲ.

ಈಗ ಯಾರೂ ಮಾತಾಡದೇ ಇರೋ ವಿಷಯಕ್ಕೆ ಬರ್ತೀನಿ: ಶೀತ. ಟ್ಯಾಂಕಿನ ನೀರು ಎಲ್ಲಿಗೆ ಹೋಗುತ್ತೆ ಅಂತ ಕೇಳಿದ್ರೆ "ಆರೋಗುತ್ತೆ" ಅಂತಾರೆ. ಆರಿ ಎಲ್ಲಿಗೆ ಹೋಗುತ್ತೆ? ನಿಮ್ಮ ಹಾಲಿಗೇ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೀಟು ಹಾಕಿ. ಈ ಅಳತೆ ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ಇಳೀತು ಅಂದ್ರೆ ಐದೂವರೆ ಲೀಟರ್ ನೀರು ಮನೆ ಗಾಳಿಗೆ ಸೇರಿತು ಅಂತ ಅರ್ಥ. 12ಕ್ಕೆ 14 ಅಡಿ ಹಾಲು, 10 ಅಡಿ ಎತ್ತರ, 25 ಡಿಗ್ರಿ ಸೆಖೆ ಇದ್ರೆ, ಅಲ್ಲಿರೋ ಅಷ್ಟೂ ಗಾಳಿ ಹಿಡಿದಿಟ್ಟುಕೊಳ್ಳೋದು ಹೆಚ್ಚು ಅಂದ್ರೆ ಒಂದು ಲೀಟರ್ ಚಿಲ್ಲರೆ ನೀರು, ಅಷ್ಟೇ. ಅದರಲ್ಲೂ ಮಳೆಗಾಲದಲ್ಲಿ ಮುಕ್ಕಾಲು ಪಾಲು ಆಗಲೇ ತುಂಬಿರುತ್ತೆ. ಕಿಟಕಿ ಮುಚ್ಚಿದ್ರೆ ಉಳಿದದ್ದು ಎಲ್ಲಿಗೆ ಹೋಗ್ಬೇಕು? ತಣ್ಣಗಿರೋ ಗೋಡೆಗೆ, ಬೀರು ಹಿಂದಕ್ಕೆ, ಮಡಿಸಿಟ್ಟ ರೇಷ್ಮೆ ಸೀರೆಗೆ, ಡಬ್ಬಿಲಿರೋ ಹಪ್ಪಳಕ್ಕೆ. ಉಪ್ಪು ನೀರಾಗುತ್ತೆ, ಬಾಗಿಲು ಉಬ್ಬಿ ಬಿಗಿಯುತ್ತೆ, ಮೂಲೆಲಿ ಕಪ್ಪಗೆ ಬೂಷ್ಟು ಏಳುತ್ತೆ. ಉಬ್ಬಸ ಇರೋ ಮಕ್ಕಳು, ವಯಸ್ಸಾದೋರು ಇರೋ ಮನೇಲಿ ಆ ಬೂಷ್ಟು ಆಟ ಅಲ್ಲ.

ಆಗ ಬೈಗುಳ ಯಾರಿಗೆ ಬೀಳುತ್ತೆ? ಮೇಲಿನ ಮನೆಯವರ ಬಾತ್‌ರೂಮಿಗೆ, ಮೇಸ್ತ್ರಿಗೆ, "ಸರಿಯಾಗಿ ಒರೆಸಲ್ಲ" ಅಂತ ನಮಗೆ. ಬಾಡಿಗೆ ಮನೆ ಆದ್ರೆ ಅಡ್ವಾನ್ಸಲ್ಲಿ ಮುರ್ಕೊಳ್ಳೋ ತನಕ ಹೋಗುತ್ತೆ ಜಗಳ. ಪರೀಕ್ಷೆ ಸುಲಭ. ಅಡುಗೆಮನೆ ಫಾಯಿಲ್ ಒಂದು ಅಡಿ ಚೌಕ ಕತ್ತರಿಸಿ, ಬೂಷ್ಟು ಬಂದ ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಫಾಯಿಲ್ ಹಿಂದೆ ನೀರಿದ್ರೆ ಗೋಡೆಯಿಂದ ಬಂದದ್ದು. ನಮ್ಮ ಕಡೆ ಮುಖಕ್ಕೆ ಬೆವರು ಬಂದಿದ್ರೆ ಮನೆ ಗಾಳಿದು. ಅದಕ್ಕೆ ಮೇಲಿನ ಮನೆಯವರ ಜೊತೆ ಜಗಳಾಡಿ, ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದ್ರೆ ದುಡ್ಡು ದಂಡ.

ಮದ್ದು ದೊಡ್ಡದೇನಿಲ್ಲ. ಟ್ಯಾಂಕಿಗೆ ಗಾಜಿನ ಮುಚ್ಚಳ ಮಾಡಿಸಿ, ಹಿಂದೆ ಸ್ವಲ್ಪ ಸಂದಿ ಬಿಡಿ. ಮುಚ್ಚಿದ್ರೆ ಮೀನಿಗೆ ಉಸಿರು ಕಟ್ಟುತ್ತೆ ಅನ್ನೋದು ಸುಳ್ಳು, ಆ ಸಂದಿ ಮತ್ತೆ ಏರ್ ಪಂಪ್ ಇದ್ರೆ ಸಾಕು. ಗೋಡೆಗೂ ಟ್ಯಾಂಕಿಗೂ ನಡುವೆ ನಾಲ್ಕಿಂಚು ಜಾಗ ಇರ್ಲಿ. ಸ್ಟ್ಯಾಂಡಿನ ಕೆಳಗೆ ಬೀರು ಥರ ಬಾಗಿಲು ಇಡ್ಸಿದ್ರೆ ಹಿಂಭಾಗ ತೆರೆದೇ ಬಿಡಿ. ಕಿಟಕಿಗೆ ಸೊಳ್ಳೆ ಜಾಲರಿ ಹಾಕ್ಸಿ, ಬೆಳಿಗ್ಗೆ ಸಂಜೆ ಎದುರುಬದುರು ತೆಗೀರಿ. ತೇವ ತೋರಿಸೋ ಪುಟ್ಟ ಮೀಟರ್ ಸಿಗುತ್ತೆ, ಗೋಡೆಗೆ ತಗುಲಿಸಿ. ಅರವತ್ತರ ಕೆಳಗಿದ್ರೆ ಒಳ್ಳೇದು. ದಿನಾ ಎಪ್ಪತ್ತು ದಾಟ್ತಿದ್ರೆ ಎಕ್ಸಾಸ್ಟ್ ಫ್ಯಾನ್ ಹಾಕ್ಲೇಬೇಕು. ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮೇಲೆ ಹೋಗ್ಬೇಕು, ಹನಿ ಜಾರಿದ್ರೆ ಪ್ಲಗ್ಗಿಗೆ ಹೋಗಬಾರದು.

ಪೈಪು ಎಷ್ಟು ದಪ್ಪ ಅಂತ ನಾನು ಕೇಳಿದ್ದಕ್ಕೆ ಒಂದು ಅಂಗಡಿಯವನು "ಸಾರ್ ಬರ್ಲಿ ಮೇಡಂ, ಹೇಳ್ತೀನಿ" ಅಂದ. ಸಾರ್ ಮನೆಗೆ ಬರೋದು ರಾತ್ರಿ ಎಂಟಕ್ಕೆ. ಮಧ್ಯಾಹ್ನ ಮೂರಕ್ಕೆ ನೀರು ಸೋರಿದ್ರೆ ಬಕೆಟ್ ಹಿಡಿಯೋದು, ಕಾರ್ಪೆಟ್ ಎತ್ತೋದು, ಬೂಷ್ಟು ತಿಕ್ಕೋದು ಯಾರು? ಇಡೀ ದಿನ ಆ ಗಾಳಿ ಉಸಿರಾಡೋರು ಯಾರು? ಅದಕ್ಕೇ ಹೇಳೋದು, ಟ್ಯಾಂಕ್ ಬೇಕೋ ಬೇಡವೋ ಅನ್ನೋದರಲ್ಲಿ ಎಲ್ಲರ ಮಾತೂ ನಡೀಲಿ. ಎಲ್ಲಿಡ್ಬೇಕು, ಯಾವುದರ ಮೇಲೆ ಇಡ್ಬೇಕು ಅನ್ನೋದರಲ್ಲಿ ಮನೇಲಿರೋಳ ಮಾತು ಮೊದ್ಲು. ಸ್ಟ್ಯಾಂಡ್ ರೆಡಿಯಾಗಿ, ಪೇಂಟ್ ಒಣಗಿ, ಮಟ್ಟ ನೋಡಿ, ಕಿಟಕಿಗೆ ಜಾಲರಿ ಬೀಳೋ ತನಕ ಟ್ಯಾಂಕ್ ಹೊಸಿಲು ದಾಟಬಾರದು. ದಾಟಿಸೋಕೆ ಬಂದ್ರೆ ನೀವೇ ಅಡ್ಡ ನಿಂತ್ಕೊಳ್ಳಿ.