ಕೊಬ್ಬರಿಯ ಸೀಮೆಯಲ್ಲಿ ಕೊಂಡು ತಂದ ಎಳ್ಳು

ತುರುವೇಕೆರೆ ತಾಲ್ಲೂಕಿನ ದಂಡಿನಶಿವರ ಹೋಬಳಿಯಲ್ಲಿ ತೆಂಗಿನ ತೋಟದ ನೆರಳು ಬೀಳದ ಊರನ್ನು ಹುಡುಕುವುದು ಕಷ್ಟ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಈ ಮೂರು ತಾಲ್ಲೂಕುಗಳ ಬೇಸಾಯಗಾರನು ಕಾಯನ್ನು ಕಿತ್ತ ಕೂಡಲೇ ಮಾರಿಬಿಡದೆ, ಮಟ್ಟೆಸಹಿತವಾಗಿ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡ ಮೇಲೆ ಉಂಡೆಕೊಬ್ಬರಿಯನ್ನು ತೆಗೆಯುತ್ತಾನೆ. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರು ದೇಶದ ಉದ್ದಗಲಕ್ಕೂ ಹಬ್ಬಿರುವುದು ಈ ತಾಳ್ಮೆಯ ಫಲದಿಂದಲೇ. ಇಂತಹ ಸೀಮೆಯಲ್ಲಿ ಸಂಕ್ರಾಂತಿ ಸಮೀಪಿಸಿತೆಂದರೆ ಈಗ ಕಾಣುವ ನೋಟವೇನು? ಮನೆಯ ಯಜಮಾನನು ಪೇಟೆಗೆ ಹೋಗಿ, ಎಳ್ಳು, ಬೆಲ್ಲ, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಯ ಚೂರುಗಳನ್ನು ಯಾರೋ ಎಲ್ಲಿಯೋ ಬೆರೆಸಿ ತುಂಬಿದ ಪ್ಲಾಸ್ಟಿಕ್ ಪೊಟ್ಟಣಗಳನ್ನು ತರುತ್ತಾನೆ. ತಲೆಯ ಮೇಲೆ ಅಟ್ಟದ ತುಂಬ ಸ್ವಂತ ಕೊಬ್ಬರಿ. ತಟ್ಟೆಯಲ್ಲಿ ದುಡ್ಡು ಕೊಟ್ಟು ತಂದ ಕೊಬ್ಬರಿಯ ಚೂರು. ಸಮುದ್ರದ ದಡದವನು ಉಪ್ಪನ್ನು ಸಾಲ ಕೇಳಿದಂತಾಯಿತು.

ಪೊಟ್ಟಣದ ಮೇಲಿನ ಕೋಪವಲ್ಲ ಈ ಲೇಖನದ ವಿಷಯ. ಪೊಟ್ಟಣ ಬರುವುದಕ್ಕೆ ಮುಂಚಿನ ಎಂಟು ಹತ್ತು ದಿನಗಳಲ್ಲಿ ಆ ಮನೆಯ ಮಕ್ಕಳು ಏನು ಮಾಡುತ್ತಿರುತ್ತಾರೆಂಬುದೇ ವಿಷಯ. ದೊಡ್ಡವರಿಗೆ ಅಡ್ಡ ಬಾರದಿರಲೆಂದು ನಾಲ್ಕು ವರ್ಷದ ಕೂಸಿನ ಕೈಗೆ ಮೊಬೈಲು ಕೊಟ್ಟಿರುತ್ತದೆ. ಹತ್ತು ವರ್ಷದ ಹುಡುಗನು ಮನೆಪಾಠದಲ್ಲಿರುತ್ತಾನೆ. ಹಬ್ಬದ ಬೆಳಿಗ್ಗೆ ಇಬ್ಬರಿಗೂ ಹೊಸ ಬಟ್ಟೆ ತೊಡಿಸಿ, ಎಳ್ಳಿನ ತಟ್ಟೆಯನ್ನು ಹಿಡಿಸಿ, ಭಾವಚಿತ್ರ ತೆಗೆದು ನೆಂಟರಿಗೆಲ್ಲ ಕಳುಹಿಸುತ್ತಾರೆ. ಅಲ್ಲಿಗೆ ಮಗುವಿನ ಹಬ್ಬ ಮುಗಿಯಿತು! ಸ್ವಂತ ಮನೆಯ ಹಬ್ಬಕ್ಕೆ ಮಗುವನ್ನು ಅತಿಥಿಯಂತೆ ಕರೆದು ಕೂರಿಸುವ ಈ ಪದ್ಧತಿಯು ಪ್ರೀತಿಯ ವೇಷ ಧರಿಸಿದ ಅನ್ಯಾಯವೆಂದು ಹೇಳದೆ ವಿಧಿಯಿಲ್ಲ.

ಎಳ್ಳು-ಬೆಲ್ಲದ ಸಿದ್ಧತೆಯನ್ನು ಬಲ್ಲವರಿಗೆ, ಇದು ಸಣ್ಣ ಕೈಗಳಿಗೆಂದೇ ಹುಟ್ಟಿದ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ. ಎಳ್ಳನ್ನು ನೆನೆಸಿ, ಉಜ್ಜಿ, ಸಿಪ್ಪೆ ಹೋಗಲಾಡಿಸಿ, ಒಣಗಿಸಿ, ಚಟಪಟನೆ ಸಿಡಿಯುವವರೆಗೆ ಹುರಿಯಬೇಕು. ಕಡಲೆಕಾಯಿ ಬೀಜವನ್ನು ಹುರಿದು, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ, ಎರಡು ಹೋಳಾಗಿ ಬಿಡಿಸಬೇಕು. ಕೊಬ್ಬರಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆದು, ತಿರುಳನ್ನು ಸಣ್ಣಸಣ್ಣ ಚೂರುಗಳಾಗಿ ಕೊಯ್ಯಬೇಕು. ಬೆಲ್ಲವನ್ನೂ ಹಾಗೆಯೇ ಚೂರು ಮಾಡಿ, ಅಂಟುಹೋಗುವವರೆಗೆ ಎರಡು ಮೂರು ದಿನ ಬಿಸಿಲಿಗಿಡಬೇಕು. ಬಿಸಿಲಿಗಿಟ್ಟುದನ್ನು ಕಾಗೆ ಅಳಿಲುಗಳಿಂದ ಕಾಯಬೇಕು. ನೆರಳು ಸರಿದಂತೆ ಮೊರವನ್ನೂ ಸರಿಸಬೇಕು. ಕೊನೆಗೆ ಅಳೆದು ಬೆರೆಸಬೇಕು. ಇದರಲ್ಲಿ ಮೂರು ವರ್ಷದ ಕೂಸಿಗೂ ಕೆಲಸವುಂಟು, ಎಂಬತ್ತರ ಅಜ್ಜಿಗೂ ಕೆಲಸವುಂಟು. ಹಬ್ಬಗಳೊಳಗೆ ಇಷ್ಟು ಹಂಚಿಕೆಗೆ ಒದಗುವ ಸಿದ್ಧತೆ ಮತ್ತೊಂದಿಲ್ಲ.

ಈ ಕೆಲಸದಲ್ಲಿ ಮಗು ಕಲಿಯುವುದಾದರೂ ಏನೆಂದು ಕೇಳುವವರಿದ್ದಾರೆ. ಅಟ್ಟದಿಂದ ಕಾಯನ್ನು ಇಳಿಸುವಾಗ ಅದನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾರೆ. ನೀರು ತುಳುಕಿದರೆ ಇನ್ನೂ ಕಾಯಬೇಕು. ಗುಂಡು ಉರುಳಿದಂತೆ ಗುಡುಗುಟ್ಟಿದರೆ ಕೊಬ್ಬರಿಯಾಗಿದೆ. ಒಡೆಯದೆ ಒಳಗನ್ನು ಅರಿಯುವ ಈ ವಿದ್ಯೆಯನ್ನು ಯಾವ ಪುಸ್ತಕವು ಕಲಿಸೀತು? ಒಂದು ಸೇರು ಎಳ್ಳಿಗೆ ಎಷ್ಟು ಬೆಲ್ಲ, ಎಷ್ಟು ಕೊಬ್ಬರಿ, ಇಪ್ಪತ್ತು ಮನೆಗೆ ಹಂಚಿದರೆ ಮನೆಗೆಷ್ಟು ಎಂಬುದು ತ್ರೈರಾಶಿಕವಲ್ಲದೆ ಮತ್ತೇನು? ಮೊರವನ್ನು ಬಿಸಿಲಿನ ಹಿಂದೆ ಸರಿಸುವ ಹುಡುಗಿಗೆ ಸೂರ್ಯನ ದಾರಿಯ ಬಗೆಗೆ ಪ್ರಶ್ನೆ ಹುಟ್ಟದೆ ಇರುವುದಿಲ್ಲ. ಯುಗಾದಿ, ದೀಪಾವಳಿಗಳ ತಾರೀಖು ವರ್ಷವರ್ಷವೂ ಬಹುದೂರ ಸರಿದಾಡುವಾಗ ಸಂಕ್ರಾಂತಿ ಮಾತ್ರ ಜನವರಿ 14 ಅಥವಾ 15ನ್ನು ಬಿಟ್ಟು ಕದಲದಿರುವುದೇಕೆ? ಮೊದಲಿನವು ಚಂದ್ರನನ್ನು ನಂಬಿದವು, ಇದು ಸೂರ್ಯನನ್ನು ನಂಬಿದುದು. ಸೂರ್ಯನು ನಿಜಕ್ಕೂ ಉತ್ತರಾಭಿಮುಖನಾಗುವುದು ಡಿಸೆಂಬರ್ 21 ಅಥವಾ 22ರಂದೇ ಆಗಿದ್ದರೂ ಹಬ್ಬವು ಮೂರು ವಾರ ತಡವಾಗಿ ಬರುವುದೇಕೆ? ಅಯನಚಲನೆಯಿಂದ ಸುಮಾರು 72 ವರ್ಷಕ್ಕೊಂದು ದಿನದಂತೆ ಇವೆರಡರ ಅಂತರ ಬೆಳೆಯುತ್ತ ಬಂದಿದೆ. ಅಂಗಳದಲ್ಲಿ ಒಂದು ಕೋಲು ನೆಟ್ಟು ನಡುಹಗಲಿನ ನೆರಳನ್ನು ದಿನವೂ ಅಳೆಯುವ ಹುಡುಗನಿಗೆ ಇಷ್ಟು ಜ್ಯೋತಿಷವು ಆಟದಂತೆ ತಿಳಿಯುತ್ತದೆ. ಪೊಟ್ಟಣ ಬಿಚ್ಚುವವನಿಗೆ ಬೆಲೆಯ ಚೀಟಿಯೊಂದನ್ನು ಬಿಟ್ಟು ಬೇರೇನೂ ತಿಳಿಯದು.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸುವುದು ನ್ಯಾಯ.

ಮೊದಲನೆಯ ಮತ್ತು ಎಲ್ಲಕ್ಕಿಂತ ಬಲವಾದ ಆಕ್ಷೇಪವು ತಾಯಂದಿರದು. ಎಳ್ಳು ಹುರಿದು ಕೊಬ್ಬರಿ ಹೆಚ್ಚಿ ಬೆನ್ನು ಮುರಿದುಕೊಂಡವರು ಹೆಂಗಸರು; ಪೊಟ್ಟಣವು ಅವರಿಗೆ ನಾಲ್ಕು ರಾತ್ರಿಯ ನಿದ್ರೆಯನ್ನು ಕೊಟ್ಟಿದೆ; ಅದನ್ನು ಹಳಿಯುವವರು ಯಾರು? ಈ ಮಾತಿನ ಮುಂದೆ ತಲೆಬಾಗಲೇಬೇಕು. ಹಿಂದಿನ ಕಾಲದ ಹಬ್ಬದ ಸೊಗಸನ್ನು ಜಗಲಿಯ ಮೇಲೆ ಕುಳಿತು ಕೊಂಡಾಡುವ ಹಿರಿಯರಲ್ಲಿ ಎಷ್ಟು ಮಂದಿ ಒಂದು ಹೋಳು ಕೊಬ್ಬರಿಯನ್ನಾದರೂ ಹೆಚ್ಚಿದ್ದಾರೆ? ಅವರು ಹೊಗಳುವುದು ಹಬ್ಬವನ್ನಲ್ಲ, ಹೆಂಡತಿಯ ಮತ್ತು ತಾಯಿಯ ದುಡಿಮೆಯನ್ನು. ಅದೂ ಆಕೆಗೆ ಕೂಲಿಯಿಲ್ಲದೆ, ಕೃತಜ್ಞತೆಯೂ ಇಲ್ಲದೆ. ಆದರೆ ಒಬ್ಬಳ ಮೇಲೆ ಬಿದ್ದ ಹೊರೆಗೆ ಮದ್ದು ಹೊರೆಯನ್ನು ಹಂಚಿಕೊಳ್ಳುವುದೇ ಹೊರತು ಹೊರೆಯನ್ನೇ ಅಂಗಡಿಗೆ ಒಪ್ಪಿಸುವುದಲ್ಲ. ಮನೆಯ ಗಂಡಸರೂ ಮಕ್ಕಳೂ ಹಂಚಿಕೊಳ್ಳಲಿಲ್ಲವಾದ್ದರಿಂದಲೇ ಆ ತಾಯಿ ಪೊಟ್ಟಣಕ್ಕೆ ಶರಣಾದಳು. ತಪ್ಪು ಅವಳದಲ್ಲ. ಗಂಡುಮಗು ಕೊಬ್ಬರಿ ಹೆಚ್ಚಿದರೆ ಹೀನಾಯವೆಂದು ಭಾವಿಸುವ ಮನೆಯಲ್ಲಿ ನಾಳೆ ಸೊಸೆಯಾಗಿ ಬರುವವಳ ಬೆನ್ನು ಇಂದೇ ಮುರಿಯತೊಡಗಿದೆಯೆಂದು ತಿಳಿಯತಕ್ಕದ್ದು.

ಎರಡನೆಯದು ಮಡಿಯ ಆಕ್ಷೇಪ. ಮಕ್ಕಳು ಮುಟ್ಟಿದರೆ ಮೈಲಿಗೆ, ಎಂಜಲು. ದೇವರ ನೈವೇದ್ಯಕ್ಕೆ ಒದಗದು ಎನ್ನುತ್ತಾರೆ. ಶುಚಿಯು ಬೇಕು, ಸಂದೇಹವಿಲ್ಲ. ಕೈ ತೊಳೆಸಿ, ಮೀಯಿಸಿ, ಶುಭ್ರವಾದ ಬಟ್ಟೆ ತೊಡಿಸಿ ಕೆಲಸಕ್ಕೆ ಕೂರಿಸಿದರೆ ಶೌಚವು ಅಭ್ಯಾಸವಾಗುತ್ತದೆ. ಅಡುಗೆಮನೆಯ ಹೊಸ್ತಿಲಿನಿಂದ ಗದರಿಸಿ ಓಡಿಸಿದರೆ ಶೌಚವು ಭಯವಾಗುತ್ತದೆ. ಬೆಣ್ಣೆ ಕದ್ದ ಬಾಲಕನನ್ನು ದೇವರೆಂದು ತೊಟ್ಟಿಲಲ್ಲಿಟ್ಟು ತೂಗುವ ಜನರು, ಒಂದು ಚೂರು ಬೆಲ್ಲವನ್ನು ಬಾಯಿಗೆ ಹಾಕಿಕೊಂಡ ಸ್ವಂತ ಕೂಸನ್ನು ಅಪವಿತ್ರವೆನ್ನುವುದು ವಿಚಿತ್ರವಾಗಿದೆ! ನೈವೇದ್ಯದ ಪಾಲನ್ನು ಮೊದಲೇ ತೆಗೆದಿಟ್ಟುಬಿಟ್ಟರೆ ಶಾಸ್ತ್ರಕ್ಕೂ ಕುಂದಿಲ್ಲ, ಮಗುವಿಗೂ ಕಣ್ಣೀರಿಲ್ಲ.

ಮೂರನೆಯದು ಓದಿನ ಆಕ್ಷೇಪ. ಪರೀಕ್ಷೆ ಹತ್ತಿರವಿದೆ, ಹುಡುಗನು ಎಳ್ಳು ಹುರಿಯುತ್ತ ಕುಳಿತರೆ ಅಂಕ ಬಂದೀತೇ ಎಂದು ಕೇಳುವವರು ವಿದ್ಯಾವಂತ ಕುಟುಂಬಗಳಲ್ಲಿಯೇ ಹೆಚ್ಚು. ಇವರು ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. 1907ರಲ್ಲಿ ರೋಮ್ ನಗರದ ಬಡಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸರಿಯವರು ಗುಡಿಸುವುದು, ತೊಳೆಯುವುದು, ಬಡಿಸುವುದು ಮೊದಲಾದ ಮನೆಗೆಲಸಗಳನ್ನೇ ಶಿಶುಶಿಕ್ಷಣದ ಮೊದಲ ಮೆಟ್ಟಿಲಾಗಿ ಮಾಡಿದರು. 1939ರಲ್ಲಿ ಹಿಂದೂದೇಶಕ್ಕೆ ಬಂದು ಇಲ್ಲಿನ ಉಪಾಧ್ಯಾಯರಿಗೂ ಅದನ್ನೇ ಬೋಧಿಸಿದರು. 1937ರ ವಾರ್ಧಾ ಸಮ್ಮೇಳನದಲ್ಲಿ ಮಹಾತ್ಮ ಗಾಂಧಿಯವರು ಕೈಕಸುಬನ್ನು ನಡುವೆ ನಿಲ್ಲಿಸಿ ಅದರ ಸುತ್ತ ಎಲ್ಲ ಪಾಠಗಳನ್ನೂ ಕಲಿಸಬೇಕೆಂದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ, ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದವರ ಬಳಿ ಕೆಲಸ ಕಲಿಯುವ ಹತ್ತು ದಿನಗಳಿರಬೇಕೆಂದು ಹೇಳಿದೆ. ಇಷ್ಟೆಲ್ಲ ಪಂಡಿತರು ಇಷ್ಟು ವರ್ಷ ಆಲೋಚಿಸಿ ಕಂಡುಹಿಡಿದ ಶಾಲೆಯು ದಂಡಿನಶಿವರದ ಪ್ರತಿಯೊಂದು ಹಜಾರದಲ್ಲಿಯೂ ಸಂಕ್ರಾಂತಿಗೆ ಎಂಟು ದಿನ ಮುಂಚೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಬೀಗ ಹಾಕಿ, ಕೆಲಸದಿಂದ ಕಲಿಸುವ ಶಾಲೆಯೆಂದು ಹೆಸರು ಹಾಕಿಕೊಂಡ ಪಟ್ಟಣದ ಶಾಲೆಗೆ ಸಾವಿರಾರು ರೂಪಾಯಿ ಶುಲ್ಕ ಕಟ್ಟುವುದು ಯಾವ ಬಗೆಯ ಬುದ್ಧಿವಂತಿಕೆ?

ನಾಲ್ಕನೆಯದು ಬೆಲೆಯ ಆಕ್ಷೇಪ. ಕೇಂದ್ರ ಸರ್ಕಾರವು ಉಂಡೆಕೊಬ್ಬರಿಗೆ 2014ರಲ್ಲಿ ಕ್ವಿಂಟಾಲಿಗೆ 5,500 ರೂಪಾಯಿ ಬೆಂಬಲ ಬೆಲೆ ಕೊಟ್ಟಿತ್ತು. 2025ರ ಹಂಗಾಮಿಗೆ ಅದು 12,100 ಆಯಿತು. ಅದೇ ವರ್ಷ ತಿಪಟೂರಿನ ಪೇಟೆಯ ಧಾರಣೆಯು ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತ್ತು. ಇಷ್ಟು ಬೆಲೆಯ ಮಾಲನ್ನು ಮಕ್ಕಳ ಕೈಗೆ ಕೊಟ್ಟು ಹಾಳುಮಾಡಿಸಬೇಕೇ ಎನ್ನುತ್ತಾರೆ. ಒಂದು ಮನೆಯ ಎಳ್ಳಿಗೆ ಬೇಕಾದ ಕೊಬ್ಬರಿ ನಾಲ್ಕೈದು ಉಂಡೆ. ಮಗು ಅದರಲ್ಲಿ ಒಂದನ್ನು ಕೆಡಿಸಿತೆಂದೇ ಇಟ್ಟುಕೊಂಡರೂ ನಷ್ಟವು ಪೊಟ್ಟಣದ ಲಾಭಕ್ಕಿಂತ ಕಡಿಮೆಯೇ. ಮೇಲಾಗಿ, ತೋಟವನ್ನು ಮುಂದೆ ನೋಡಿಕೊಳ್ಳಬೇಕಾದ ಹುಡುಗನಿಗೆ ಕೊಬ್ಬರಿಯೆಂದರೆ ಬರಿಯ ಧಾರಣೆಯ ಅಂಕಿಯೆಂದು ತೋರಿದರೆ, ದರ ಕುಸಿದ ವರ್ಷವೇ ಅವನು ತೋಟವನ್ನು ಮಾರಿ ಬೆಂಗಳೂರಿಗೆ ಹೊರಡುತ್ತಾನೆ.

ಕತ್ತಿ, ಬೆಂಕಿಗಳ ಅಪಾಯವನ್ನು ಮುಂದಿಡುವವರೂ ಉಂಟು. ಅದು ನಿಜವಾದ ಅಪಾಯವೇ. ಆದುದರಿಂದಲೇ ಹತ್ತು ವರ್ಷ ತುಂಬದ ಮಗುವಿಗೆ ಈಳಿಗೆಮಣೆ ಕೂಡದು. ಬಾಣಲೆಯ ಮುಂದೆ ದೊಡ್ಡವರೇ ಇರಬೇಕು. ಆದರೆ ಮೊರ, ಬಟ್ಟಲು, ಬಿಸಿಲುಗಳಲ್ಲಿ ಯಾವ ಅಪಾಯವೂ ಇಲ್ಲ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು ಉಳಿದಿದೆ. ಎಳ್ಳನ್ನು ಬೀರುವುದು ಹಂಚುವ ಹಬ್ಬ. ಹಂಚುವುದೆಂದರೇನೆಂಬುದು ಮಾಡಿದವನಿಗೆ ಮಾತ್ರ ಗೊತ್ತು. ಈಗಿನ ವಾಡಿಕೆಯನ್ನು ನೋಡಿರಿ: ಅಂತಸ್ತಿನಲ್ಲಿ ಸಮಾನರಾದವರ ಮನೆಗೆ ತಟ್ಟೆ ಹೋಗುತ್ತದೆ, ಅಲ್ಲಿಂದ ತಟ್ಟೆ ಬರುತ್ತದೆ; ಲೆಕ್ಕ ಸರಿಹೋಯಿತು. ಮರ ಹತ್ತಿ ಕಾಯಿ ಕಿತ್ತವನ ಮನೆಗೆ, ಮಟ್ಟೆ ಸುಲಿದವನ ಮನೆಗೆ, ಚಿಪ್ಪು ಒಡೆದು ಕೊಬ್ಬರಿ ಬಿಡಿಸಿದ ಹೆಂಗಸಿನ ಮನೆಗೆ ತಟ್ಟೆ ಹೋಗುವುದು ಎಷ್ಟು ಕಡೆ ಉಂಟು? ಪೊಟ್ಟಣದ ಎಳ್ಳಿಗೆ ಇವರಾರ ನೆನಪೂ ಇಲ್ಲ. ಅಂಗಡಿಯವನಿಗೆ ದುಡ್ಡು ಸಂದರೆ ಋಣ ತೀರಿತು. ಅಟ್ಟದಿಂದ ಇಳಿಸಿದ ಕಾಯನ್ನು ಯಾರು ಸುಲಿದರೆಂದು ಕಣ್ಣಾರೆ ಕಂಡ ಮಗುವಾದರೋ, ಅವರಿಗೆ ಕೊಡುವುದು ಬೇಡವೇ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಲಾರದ ಹಿರಿಯರು ಇದ್ದರೆ, ಮಕ್ಕಳನ್ನು ಸಿದ್ಧತೆಯಿಂದ ದೂರವಿಡುವುದು ಅವರಿಗೆ ಅನುಕೂಲವೇ ಸರಿ! ಆದರೆ ಹಬ್ಬವು ಹಿರಿಯರ ಅನುಕೂಲಕ್ಕಾಗಿ ಹುಟ್ಟಿದುದಲ್ಲ.

ಹೀಗೆ ಆಕ್ಷೇಪಗಳೆಲ್ಲ ಸಮಾಧಾನ ಹೊಂದಿದ ಮೇಲೆ ಸಿದ್ಧಾಂತವು ಇಷ್ಟು: ಸಿದ್ಧತೆಯಲ್ಲಿ ಪಾಲಿಲ್ಲದವನಿಗೆ ಹಬ್ಬದಲ್ಲಿ ಊಟವುಂಟು, ಹಬ್ಬವಿಲ್ಲ. ಆದುದರಿಂದ ಬರುವ ಸಂಕ್ರಾಂತಿಗೆ ಪ್ರತಿಯೊಂದು ಮನೆಯೂ ಎಂಟು ದಿನ ಮುಂಚೆ ಕೆಲಸವನ್ನು ವಯಸ್ಸಿಗೆ ತಕ್ಕಂತೆ ಹಂಚಲಿ. ಮೂರು ನಾಲ್ಕು ವರ್ಷದ ಕೂಸು ಹುರಿಗಡಲೆಯಲ್ಲಿ ಉಳಿದ ಹೊಟ್ಟನ್ನು ಆರಿಸಲಿ. ಆರು ವರ್ಷದವರು ಕಡಲೆಕಾಯಿ ಬೀಜವನ್ನು ತಿಕ್ಕಿ ಬಿಡಿಸಲಿ. ಬಿಸಿಲಿನ ಕಾವಲೂ ಅವರದೇ ಆಗಲಿ. ಎಂಟು ವರ್ಷದವರು ಹೊಲದ ಬದುವಿನಿಂದ ಎಲಚಿಹಣ್ಣು ಆಯ್ದು ತರಲಿ. ಹಬ್ಬದ ಸಂಜೆ ಮನೆಯ ಎಳೆಗೂಸನ್ನು ಮಣೆಯ ಮೇಲೆ ಕೂರಿಸಿ ಕಬ್ಬಿನ ಚೂರು, ಕಾಸುಗಳೊಡನೆ ಎರೆಯುವ ಹಣ್ಣನ್ನು ಅದರ ಅಕ್ಕ ಅಣ್ಣಂದಿರೇ ತಂದರೆಂದರೆ ಆ ಎರೆತಕ್ಕೆ ಅರ್ಥ ಬರುತ್ತದೆ. ಹತ್ತು ದಾಟಿದವರು, ಹುಡುಗ ಹುಡುಗಿಯೆಂಬ ಭೇದವಿಲ್ಲದೆ, ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಕೊಬ್ಬರಿಯನ್ನು ಹೆಚ್ಚಲಿ. ಹನ್ನೆರಡರವರು ಅಳತೆಯ ಲೆಕ್ಕವನ್ನೂ, ಯಾರ ಯಾರ ಮನೆಗೆ ತಟ್ಟೆ ಹೋಗಬೇಕೆಂಬ ಪಟ್ಟಿಯನ್ನೂ ಬರೆಯಲಿ. ಬಾಣಲೆಯ ಮುಂದೆ ಈ ಒಂದು ವರ್ಷ ತಂದೆಯು ಕುಳಿತುಕೊಳ್ಳಲಿ. ತಾಯಿಯು ಬೇಕೆಂದರೆ ಕೆಲಸ ಮಾಡಲಿ, ಬೇಡವೆಂದರೆ ಗೋಡೆಗೊರಗಿ ನೋಡುತ್ತಿರಲಿ. ಆ ವಿಶ್ರಾಂತಿಯು ಅಂಗಡಿಯಿಂದ ಬಂದುದಲ್ಲ, ಮಕ್ಕಳಿಂದ ಬಂದುದು.

ಎಳ್ಳು ಸ್ವಲ್ಪ ಕಪ್ಪಾದೀತು. ಕೊಬ್ಬರಿಯ ಚೂರು ಒಂದು ದಪ್ಪ, ಒಂದು ಸಣ್ಣ ಆದೀತು. ಪೊಟ್ಟಣದ ಅಂದ ಅದಕ್ಕೆ ಬಾರದು. ಆದರೆ ಪಟ್ಟಿಯ ಕೊನೆಯ ಹೆಸರು ಮಟ್ಟೆ ಸುಲಿಯುವವನದಾಗಿದ್ದು, ಆ ಮನೆಯ ಬಾಗಿಲಿನಲ್ಲಿ ತಟ್ಟೆ ಹಿಡಿದು ನಿಂತ ಮಗುವು, ಇದನ್ನು ಹೆಚ್ಚಿದ್ದು ತಾನೇ ಎಂದು ಹೇಳಬಲ್ಲುದಾದರೆ, ದಂಡಿನಶಿವರದ ಸೀಮೆಗೆ ಸಂಕ್ರಾಂತಿ ಬಂದಿದೆಯೆಂದು ಯಾವ ಪಂಚಾಂಗವನ್ನೂ ನೋಡದೆ ಹೇಳಬಹುದು.